ರಜೆ ಊಟ ಹಾಕಿದ ವರ್ಷ

ಆಯುಧಪೂಜೆ ಕಳೆದು ಕಾರ್ಖಾನೆ ಮತ್ತೆ ತೆರೆದ ದಿನ. ಹೆಬ್ಬಾಳದ ನಮ್ಮ ಗೇಟಿನ ಮುಂದೆ ಬೆಳಗಿನ ಪಾಳಿಯ ಬಸ್ಸಿನಿಂದ ಇಳಿದರೆ, ಹಬ್ಬದ ದಿನ ಒಡೆದ ಬೂದುಗುಂಬಳಕಾಯಿಯ ತಿರುಳು ಕುಂಕುಮದ ಜೊತೆ ಕಲಸಿಕೊಂಡು ರಸ್ತೆಯಲ್ಲೇ ಹುಳಿತು ನಾರುತ್ತಿತ್ತು. ಮೂಗು ಮುಚ್ಚಿಕೊಂಡು ಒಳಗೆ ಹೋದೆ. ನಾನು ಕೆಲಸ ಮಾಡುವ ಗುಣಮಟ್ಟ ಪರೀಕ್ಷೆಯ ಕೋಣೆಯಲ್ಲಿ ಯಾರೋ ಆಗತಾನೇ ಮೇಜಿಗೆ ಸ್ಪಿರಿಟ್ ಹಾಕಿ ಒರೆಸಿದ್ದರು. ಕುಂಬಳಕಾಯಿಯ ಹುಳಿ, ಸ್ಪಿರಿಟ್ಟಿನ ಘಾಟು ಎರಡೂ ಸೇರಿದ್ದೇ ತಡ, ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ. ಪಕ್ಕದ ಹುಡುಗಿ "ಏನಾಯ್ತು ಮೇಡಂ, ಬಿಪಿನಾ?" ಎಂದಳು. ಬಿಪಿ ಅಲ್ಲ, ಹಳೆಯ ಒಂದು ವರ್ಷ ಎಂದು ಹೇಳಲಾಗುತ್ತದೆಯೇ? "ಕಾಫಿ ಕುಡಿದಿಲ್ಲ ಕಣಮ್ಮ" ಎಂದೆ.

ಅದು ನನ್ನ ಪಿಎಚ್‌.ಡಿ.ಯ ಕೊನೆಯ ವರ್ಷ. ಕೊನೆಯದು ಎಂದರೆ ಕೆಲಸ ಮುಗಿಯುತ್ತಾ ಬಂದ ವರ್ಷ ಅಂತಲ್ಲ. ಕೊಡಬಹುದಾದ ವಿಸ್ತರಣೆಗಳನ್ನೆಲ್ಲ ಕೊಟ್ಟಾಗಿದೆ, ಇನ್ನಿಲ್ಲ ಎಂದು ವಿಶ್ವವಿದ್ಯಾಲಯ ಖಡಾಖಂಡಿತವಾಗಿ ಹೇಳಿದ್ದ ವರ್ಷ. ಬರುವ ಯುಗಾದಿಯೊಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿಯೇ ರದ್ದು. ನನ್ನ ಗೈಡ್ ವಸುಮತಿ ಮೇಡಂ ಅವರ ನಿವೃತ್ತಿಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತಿತ್ತು. ಅವರು ಹೋದರೆ ಲ್ಯಾಬಿನ ಬಾಗಿಲೂ ಮುಚ್ಚಿದ ಹಾಗೆ. ನನ್ನ ಜೊತೆ ಸೇರಿದವರೆಲ್ಲ ಹೆಸರಿನ ಮುಂದೆ ಡಾಕ್ಟರ್ ಹಾಕಿಕೊಂಡು ಹೋಗಿದ್ದರು. ನನ್ನ ಕೈಯಲ್ಲಿ ನಾಲ್ಕು ಜನರ ಮುಂದೆ ಇಡುವಂಥ ಒಂದೇ ಒಂದು ಫಲಿತಾಂಶ ಇರಲಿಲ್ಲ.

ಕೆಲಸ ಬಾಯಲ್ಲಿ ಹೇಳಲು ಸುಲಭ. ಇಲಿಯ ಮೇದೋಜೀರಕ ಗ್ರಂಥಿಯಲ್ಲಿ ಅಲ್ಲಲ್ಲಿ ಹುದುಗಿರುವ, ಇನ್ಸುಲಿನ್ ಮಾಡುವ ಜೀವಕೋಶಗಳ ಪುಟ್ಟ ಉಂಡೆಗಳನ್ನು ಬಿಡಿಸಿ ತೆಗೆಯಬೇಕು. ಐಲೆಟ್ ಎನ್ನುತ್ತಾರೆ, ಪಠ್ಯಪುಸ್ತಕದಲ್ಲಿ ಕಿರುದ್ವೀಪ. ಒಂದೊಂದೂ ಚಿರೋಟಿ ರವೆಯ ಕಾಳಿಗಿಂತ ಸಣ್ಣದು. ಗ್ರಂಥಿಗೆ ಕಿಣ್ವ ತುಂಬಿಸಿ, ಬೆಚ್ಚನೆಯ ನೀರಿನಲ್ಲಿಟ್ಟು ಕರಗಿಸಿ, ಅಲುಗಿಸಿ, ತೊಳೆದು, ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ಕತ್ತು ಬಗ್ಗಿಸಿ ಕೂತು ಒಂದೊಂದನ್ನೇ ಹೀರಿ ಆರಿಸಬೇಕು. ಆರಿಸಿದ್ದನ್ನು ಮೀಡಿಯಂ ಎಂಬ ಗುಲಾಬಿ ಬಣ್ಣದ ಪೋಷಕ ದ್ರವ ಹಾಕಿದ, ತಟ್ಟೆಯಂಥ ಪುಟ್ಟ ಡಿಶ್‌ಗಳಲ್ಲಿ ಬಿಟ್ಟು, ಮೈಶಾಖದಷ್ಟೇ ಬೆಚ್ಚಗಿರುವ ಇನ್‌ಕ್ಯುಬೇಟರಿನಲ್ಲಿ ಸಾಕಬೇಕು. ಎರಡು ದಿನ ಬಿಟ್ಟು ಮೊದಲು ಕಡಿಮೆ ಸಕ್ಕರೆ, ನಂತರ ಹೆಚ್ಚು ಸಕ್ಕರೆ ಕೊಟ್ಟು ನೋಡಬೇಕು. ಸಕ್ಕರೆ ಹೆಚ್ಚಾದಾಗ ಇನ್ಸುಲಿನ್ನೂ ಹೆಚ್ಚು ಬಿಟ್ಟರೆ ಐಲೆಟ್‌ಗಳು ಆರೋಗ್ಯವಾಗಿವೆ ಎಂದರ್ಥ. ಆಮೇಲೆ ತಾನೇ ಮಧುನಾಶಿನಿ ಸೊಪ್ಪಿನ ಸಾರ ಹಾಕಿ ಅವು ಇನ್ನಷ್ಟು ಚುರುಕಾಗುತ್ತವೆಯೇ ಎಂದು ನೋಡುವುದು? ನನ್ನ ಪ್ರಬಂಧ ಅದರ ಮೇಲೆ. ಆ ಸೊಪ್ಪಿನ ತನಕ ನಾನು ಹೋಗಲೇ ಇಲ್ಲ. ಬಾಟಲಿಯಲ್ಲಿದ್ದ ಸಾರ ಹಾಗೇ ಬೂಷ್ಟು ಹಿಡಿಯಿತು.

ಯಾಕೆಂದರೆ ಸೋಮವಾರ ಬಂದರೆ ಐಲೆಟ್‌ಗಳು ಸತ್ತಿರುತ್ತಿದ್ದವು. ಪೂರ್ತಿ ಅಲ್ಲ, ಒಳಗಡೆ. ಇನ್‌ಕ್ಯುಬೇಟರಿನ ಬಾಗಿಲು ತೆಗೆದು, ಬಿಸಿ ಆವಿ ಕನ್ನಡಕಕ್ಕೆ ಅಡರಿ, ಅದನ್ನು ಒರೆಸಿಕೊಂಡು ನೋಡಿದರೆ ಪ್ರತಿ ಉಂಡೆಯ ನಡುವೆ ಒಂದು ಕಪ್ಪು ಮಚ್ಚೆ. ಬದುಕಿದ ಕೋಶ ಹಸಿರಾಗಿ, ಸತ್ತದ್ದು ಕೆಂಪಾಗಿ ಕಾಣುವ ಬಣ್ಣ ಹಾಕಿದರೆ ಸುತ್ತ ಹಸಿರು ಬಳೆ, ನಡುವೆ ಕೆಂಪು. ಇಲಿಯ ಐಲೆಟ್ಟಿನಲ್ಲಿ ಇನ್ಸುಲಿನ್ ಮಾಡುವ ಕೋಶಗಳು ಇರುವುದೇ ನಡುವೆ. ಅಂಗಡಿ ತೆರೆದಿದೆ, ಒಳಗೆ ಸಾಮಾನಿಲ್ಲ ಎಂಬಂಥ ಸ್ಥಿತಿ.

ನಮ್ಮದು ಮೊದಲಿನಿಂದಲೂ ಐಲೆಟ್ ಲ್ಯಾಬಾಗಿರಲಿಲ್ಲ ಎನ್ನುವುದನ್ನು ಇಲ್ಲಿ ಹೇಳಬೇಕು. ಮೇಡಂ ಹರೆಯದಿಂದಲೂ ಕ್ಯಾನ್ಸರ್ ಕೋಶಗಳನ್ನು ಬೆಳೆಸಿದವರು. ಆ ಕೋಶಗಳು ಬಕಾಸುರನ ವಂಶ. ಡಿಶ್ಶಿನ ತಳಕ್ಕೆ ತೆಳ್ಳಗೆ ಅಂಟಿಕೊಂಡು ಬೆಳೆಯುತ್ತಾ, ಭಾನುವಾರ ಕಳೆಯುವುದರೊಳಗೆ ಮೀಡಿಯಂ ಎಲ್ಲ ತಿಂದು ಗುಲಾಬಿಯನ್ನು ಹಳದಿ ಮಾಡಿ, ಹೊಟ್ಟೆಗಿಲ್ಲದೆ ಉದುರಿ ಬೀಳುತ್ತಿದ್ದವು. ಅದಕ್ಕೆ ಲ್ಯಾಬಿನಲ್ಲಿ ಒಂದು ಪದ್ಧತಿ ಬೆಳೆದಿತ್ತು. ಶನಿವಾರ ಹೊರಡುವ ಮುಂಚೆ ಪ್ರತಿ ಡಿಶ್ಶಿಗೂ ಮಾಮೂಲಿಗಿಂತ ದುಪ್ಪಟ್ಟು ಮೀಡಿಯಂ ಹಾಕಿ ಹೋಗುವುದು. ರಜೆ ಊಟ ಎಂದು ಅದರ ಹೆಸರು. ಹೊಸದಾಗಿ ಸೇರಿದವರಿಗೆ ಮೊದಲು ಕಲಿಸುತ್ತಿದ್ದದ್ದೇ ಇದನ್ನು. "ಊರಿಗೆ ಹೋಗೋ ತಾಯಿ ಮಕ್ಕಳಿಗೆ ಹೊಟ್ಟೆ ತುಂಬ ಹಾಕಿ ಹೋಗಲ್ವೇನಮ್ಮ? ಹಾಗೆ" ಎಂದು ಮೇಡಂ ಪ್ರೀತಿಯಿಂದ ಹೇಳುತ್ತಿದ್ದರು.

ನಮಗೆ ಇಲಿ ಸಿಗುತ್ತಿದ್ದದ್ದು ಶುಕ್ರವಾರ ಮಾತ್ರ. ಶುಕ್ರವಾರ ಐಲೆಟ್ ಬಿಡಿಸುವುದು, ಶನಿವಾರ ರಜೆ ಊಟ, ಸೋಮವಾರ ಸಾವು. "ಹಸ್ಕೊಂಡಿವೆ ಪಾಪ" ಎನ್ನುತ್ತಿದ್ದರು ಮೇಡಂ. ಮುಂದಿನ ಶನಿವಾರ ಇನ್ನೊಂದಿಷ್ಟು ಹೆಚ್ಚಿಗೆ ಸುರಿಯುತ್ತಿದ್ದೆವು. ಮತ್ತೆ ಸಾಯುತ್ತಿದ್ದವು. ಮತ್ತೆ ಸುರಿಯುತ್ತಿದ್ದೆವು.

ಆ ಬೇಸಿಗೆಯಲ್ಲಿ ನಾವು ಅನುಮಾನಿಸದೆ ಬಿಟ್ಟ ವಸ್ತು ಇಲ್ಲ. ಕಿಣ್ವ ಬದಲಾಯಿಸಿದೆವು. ಮೀಡಿಯಮ್ಮಿಗೆ ಬೆರೆಸುವ ಸೀರಂ ಬದಲಾಯಿಸಿದೆವು. ನೀರು ಕೆಟ್ಟಿದೆ ಎಂದು ಬೇರೆ ವಿಭಾಗದಿಂದ ನೀರು ಹೊತ್ತು ತಂದೆವು. ಕರೆಂಟು ಹೋಗಿ ಬಂದಾಗ ಇನ್‌ಕ್ಯುಬೇಟರ್ ಎಡವುತ್ತಿದೆ ಎಂದುಕೊಂಡು ನಾನು ಅದರ ಮುಂದೆ ಕಾವಲು ಕೂತೆ. ಕೊನೆಗೆ ಇಲಿಗಳನ್ನೇ ದೂರಿದೆವು. ಪ್ರಾಣಿಮನೆಯ ಅಟೆಂಡರ್ ಪುಟ್ಟಸ್ವಾಮಿಗೆ ಭಾರಿ ಕೋಪ ಬಂತು. "ನನ್ ಇಲಿ ಗುಂಡ್‌ಗುಂಡಗವೆ ಮೇಡಮ್ಮೋರೆ. ನಿಮ್ ಕೈಗ್ ಬಂದ್‌ಮ್ಯಾಕೆ ಸಾಯ್ತವೆ. ನನ್ನೇನ್ ಕೇಳೀರಿ?" ಎಂದು ಬಾಗಿಲು ಹಾಕಿಕೊಂಡ. ನಾನು ಕೋಣೆಗೆ ಬಂದೆ. ಬೋಗಾದಿಯಲ್ಲಿದ್ದ ನನ್ನ ಬಾಡಿಗೆ ಕೋಣೆಯ ಸುತ್ತ ಆಗ ಮೂರು ಕಡೆ ಮನೆ ಕಟ್ಟುತ್ತಿದ್ದರು. ಹಗಲೆಲ್ಲ ಕಲ್ಲು ಕೊಯ್ಯುವ ಸದ್ದು, ಕಿಟಕಿ ತೆಗೆದರೆ ಸಿಮೆಂಟಿನ ಧೂಳು. ಸೆಕೆಗೆ ಕಿಟಕಿ ತೆಗೆಯಬೇಕು, ಧೂಳಿಗೆ ಮುಚ್ಚಬೇಕು. ಹಾಸಿಗೆಯ ಮೇಲೆ ಕೂತು ನನ್ನ ಕೈಗುಣವೇ ಸರಿಯಿಲ್ಲವೇನೋ ಎಂದು ಅಂಗೈ ನೋಡಿಕೊಳ್ಳುತ್ತಿದ್ದೆ. ವಿಜ್ಞಾನ ಓದಿದವಳು ಹಾಗೆ ಯೋಚಿಸಬಾರದು, ಗೊತ್ತು. ದಣಿದವರು ಏನನ್ನಾದರೂ ಯೋಚಿಸುತ್ತಾರೆ.

ಶನಿವಾರ ರಜೆ ಊಟ ಹಾಕಿ ನಾನು ಮಂಡಕಳ್ಳಿಯ ಬಸ್ಸು ಹತ್ತುತ್ತಿದ್ದೆ. ನಮ್ಮ ಮನೆ ಅಲ್ಲಿ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅವ್ವ ಮತ್ತು ತಂಗಿ ಪವಿತ್ರ, ಇಬ್ಬರೇ. ಪವಿಗೆ ಏಳನೇ ಕ್ಲಾಸಿನಲ್ಲಿದ್ದಾಗಲೇ ಸಕ್ಕರೆ ಕಾಯಿಲೆ ಬಂತು. ವಯಸ್ಸಾದವರಿಗೆ ಬರುವಂಥದ್ದಲ್ಲ, ಮೈಯಲ್ಲಿ ಇನ್ಸುಲಿನ್ನೇ ಹುಟ್ಟದಿರುವಂಥದ್ದು. ಅವಳ ಐಲೆಟ್‌ಗಳನ್ನು ಅವಳ ಮೈಯೇ ಕೊಂದುಹಾಕಿತ್ತು. ಅಂದಿನಿಂದ ಪ್ರತಿ ಊಟಕ್ಕೆ ಮುಂಚೆ ಹೊಟ್ಟೆಗೋ ತೊಡೆಗೋ ಸೂಜಿ. ಆ ವರ್ಷ ಬಿ.ಕಾಂ. ಓದುತ್ತಿದ್ದಳು, ಸೂಜಿ ಹಾಕಿಕೊಳ್ಳುತ್ತಲೇ ಫೋನಿನಲ್ಲಿ ಗೆಳತಿಯರ ಜೊತೆ ನಗುತ್ತಿದ್ದಳು.

ಭಾನುವಾರ ದೊಡ್ಡಪ್ಪ ಬರುತ್ತಿದ್ದರು. ಅವರು ಜಗಲಿಯ ಮೇಲೆ ಕೂತು ಚಪ್ಪಲಿ ಬಿಡುವುದರೊಳಗೆ ಅವ್ವ ಶುರುಮಾಡುತ್ತಿದ್ದಳು. "ನಮ್ ದೊಡ್ಡವ್ಳು ಚಿಕ್ಕವ್ಳಿಗೆ ಔಷ್ದಿ ಮಾಡ್ತಾವ್ಳೆ ಭಾವ. ಪೂರ್ತಿ ವಾಸಿಯಾಗೋ ಔಷ್ದಿ. ಇನ್ನೇನ್ ಆಗೋಯ್ತದೆ." ದೊಡ್ಡಪ್ಪ ಏನೋ ಹೇಳಲು ಬಾಯಿ ತೆರೆದವರು ಸುಮ್ಮನಾಗಿ, ಕಾಫಿ ಕುಡಿದು, ನನ್ನ ಕಡೆ ಭಕ್ತಿಯಿಂದ ನೋಡಿ ಹೋಗುತ್ತಿದ್ದರು. ಅವ್ವ ಬೆಳೆದು ಮಾರುತ್ತಿದ್ದ ಸೊಪ್ಪನ್ನು ಕೊಳ್ಳಲು ಬಂದವರಿಗೂ ಅದೇ, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಅದೇ. ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ಇಲಿಯ ಐಲೆಟ್ಟನ್ನು ಸೋಮವಾರದವರೆಗೆ ಉಳಿಸಿಕೊಳ್ಳಲಾಗದವಳು ನಾನು, ಔಷಧವಂತೆ! ಆದರೆ ಅವ್ವನ ಮುಖ ನೋಡಿ ಸುಮ್ಮನಿರುತ್ತಿದ್ದೆ. ತಾಯಿಯ ಆಸೆ, ಹೇಗೆ ಕಿತ್ತುಕೊಳ್ಳುವುದು? ಸೋಮವಾರ ಬೆಳಗ್ಗೆ ಡಬ್ಬಿಗೆ ಎರಡು ಮುದ್ದೆ ಜಾಸ್ತಿ ತುಂಬಿ ಕಳಿಸುತ್ತಿದ್ದಳು. ಅದನ್ನು ಹೊತ್ತುಕೊಂಡು ಹೋಗಿ ಸತ್ತ ಐಲೆಟ್ ನೋಡುತ್ತಿದ್ದೆ.

ಮುಂಗಾರು ಹಾಗೂ ಹೀಗೂ ಮುಗಿಯಿತು. ದಸರಾ ಬಂತು. ಊರೆಲ್ಲ ದೀಪ, ರಸ್ತೆಯೆಲ್ಲ ಜನ, ಬಸ್ಸುಗಳು ಸುತ್ತು ಹಾಕಿಕೊಂಡು ಹೋಗುತ್ತಿದ್ದವು. ಹಬ್ಬದ ಮುಂಚಿನ ಆ ಬ್ಯಾಚು ಕೆಟ್ಟರೆ ಇನ್ನು ಬೇರೆ ದಾರಿ ಇಲ್ಲ, ಬಿಟ್ಟುಬಿಡುತ್ತೇನೆ ಎಂದು ಮೇಡಂಗೆ ಹೇಳಿದ್ದೆ. ಅವರು ಸಮಾಧಾನ ಮಾಡಲಿಲ್ಲ. "ಆಯ್ತು, ಹಬ್ಬ ಕಳೀಲಿ" ಎಂದರಷ್ಟೆ.

ಲ್ಯಾಬಿನಲ್ಲಿ ಆಯುಧಪೂಜೆ ಪ್ರತಿ ವರ್ಷದ ಹಾಗೆ ನಡೆಯಿತು. ಸೂಕ್ಷ್ಮದರ್ಶಕಕ್ಕೆ ಅರಿಶಿನ ಕುಂಕುಮ, ಸೆಂಟ್ರಿಫ್ಯೂಜಿನ ಮೇಲೆ ಸೇವಂತಿಗೆ, ಇನ್‌ಕ್ಯುಬೇಟರಿನ ಬಾಗಿಲಿಗೆ ವಿಭೂತಿ ಪಟ್ಟೆ, ಮೇಡಂ ಸ್ಕೂಟರಿನ ಚಕ್ರದ ಕೆಳಗೆ ನಿಂಬೆಹಣ್ಣು. ಪುಟ್ಟಸ್ವಾಮಿ ಇಲಿಯ ಪಂಜರಗಳಿಗೂ ಕುಂಕುಮ ಹಚ್ಚಿ ಬಂದಿದ್ದ. ಒಂದು ಕಡೆ ಅವರೆಲ್ಲ ಮಂಗಳಾರತಿಗೆ ಸಿದ್ಧರಾಗುತ್ತಿದ್ದರೆ, ನಾನು ಒಳಗೆ ಡಿಶ್‌ಗಳಿಗೆ ರಜೆ ಊಟ ಹಾಕುತ್ತಿದ್ದೆ. ದೊಡ್ಡ ರಜೆ, ಹಾಗಾಗಿ ದೊಡ್ಡ ಊಟ. ಅಂಚಿನವರೆಗೆ ತುಂಬಿಸಿದೆ. ಕೊನೆಯ ಡಿಶ್ಶಿಗೆ ಬರುವಷ್ಟರಲ್ಲಿ ಬಾಟಲಿ ಖಾಲಿ. ಹೊಸ ಬಾಟಲಿ ಹಬ್ಬದ ಗಲಾಟೆಯಲ್ಲಿ ದಾರಿಯಲ್ಲೆಲ್ಲೋ ಸಿಕ್ಕಿಕೊಂಡಿತ್ತು. ಆ ಡಿಶ್ಶಿಗೆ ತಳ ಮುಚ್ಚುವಷ್ಟು ಮೀಡಿಯಂ ಸಿಕ್ಕಿತು, ಅಷ್ಟೇ.

"ಮೇಡಂ, ಇದೊಂದನ್ನ ಎಸೆದುಬಿಡಲಾ?" ಎಂದು ಕೂಗಿದೆ.

"ಇರ್ಲಿ ಬಿಡಮ್ಮ, ಒಂದ್ ಡಿಶ್ ಉಪವಾಸ ಇರ್ಲಿ. ನವರಾತ್ರಿ ಅಲ್ವಾ? ಬಾ ಬೇಗ, ಕರ್ಪೂರ ಆರ್ತಾ ಇದೆ."

ಆ ಡಿಶ್ಶನ್ನು ಇನ್‌ಕ್ಯುಬೇಟರಿನೊಳಗೆ ಹಿಂದಿನ ಮೂಲೆಯಲ್ಲಿಟ್ಟೆ. ಕಣ್ಣಿಗೆ ಬೀಳದಿದ್ದರೆ ಸಾಕಿತ್ತು. ಹೊರಗೆ ಪುಟ್ಟಸ್ವಾಮಿ ಕುಂಬಳಕಾಯಿ ಒಡೆದ.

ಜಂಬೂಸವಾರಿಯನ್ನು ಮನೆಯಲ್ಲಿ ಟಿವಿಯಲ್ಲಿ ನೋಡಿದೆ. ಮಳೆ ಹನಿಯುತ್ತಿತ್ತು. ಪವಿ ಪಕ್ಕದಲ್ಲಿ ಕೂತು "ಅಕ್ಕ, ಏನ್ ಯೋಚ್ನೆ?" ಎಂದು ಕೇಳಿದಳು. "ಒಂದಕ್ಕೆ ಊಟ ಹಾಕದೆ ಬಂದ್ಬುಟ್ಟೆ ಕಣೇ" ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿ ಟಿವಿ ಕಡೆ ತಿರುಗಿದಳು.

ರಜೆ ಮುಗಿಸಿ ಲ್ಯಾಬಿಗೆ ಹೋದರೆ ಮೆಟ್ಟಿಲ ಬಳಿ ಕುಂಬಳಕಾಯಿ ಕೊಳೆತು ನಾರುತ್ತಿತ್ತು, ಒಳಗೆ ಯಾರೋ ಸ್ಪಿರಿಟ್ ಹಾಕಿ ಒರೆಸಿದ್ದರು. ಡಿಶ್‌ಗಳನ್ನು ಒಂದೊಂದಾಗಿ ನೋಡಿದೆ. ಕಪ್ಪು, ಕಪ್ಪು, ಕಪ್ಪು. ಹೊಟ್ಟೆ ತುಂಬ ಉಂಡವೆಲ್ಲ ಎಂದಿಗಿಂತ ಹೆಚ್ಚು ಸತ್ತಿದ್ದವು. ಬ್ಯಾಗು ತೆಗೆದುಕೊಂಡು ಹಾಗೇ ಹೊರಟುಬಿಡೋಣ ಅನ್ನಿಸಿತು. ಉಪವಾಸದ ಡಿಶ್ ನೆನಪಾದದ್ದು ಆಮೇಲೆ. ಅದನ್ನು ನೋಡುವುದಕ್ಕೂ ಮನಸ್ಸಿರಲಿಲ್ಲ, ತೊಳೆಯುವ ತೊಟ್ಟಿಗೆ ಹಾಕುವ ಮುಂಚೆ ಸುಮ್ಮನೆ ಲೆನ್ಸಿನ ಕೆಳಗಿಟ್ಟೆ.

ನಡುವೆ ಮಚ್ಚೆ ಇರಲಿಲ್ಲ. ಅಂಚಿನಿಂದ ಅಂಚಿಗೆ ಒಂದೇ ಬಣ್ಣ, ತಿಳಿಯಾದ ಕಂದು, ಗುಂಡಗೆ, ಗಟ್ಟಿಮುಟ್ಟಾಗಿ ಕೂತಿದ್ದವು. ಡಿಶ್ ಅದಲುಬದಲಾಗಿರಬೇಕೆಂದು ಮುಚ್ಚಳ ನೋಡಿದೆ. ನನ್ನದೇ ಅಕ್ಷರ. ಬಣ್ಣ ಹಾಕಿದೆ. ಹಸಿರು. ನಡುವೆಯೂ ಹಸಿರು.

ಮೇಡಂ ಅವರನ್ನು ಕರೆದೆ. ಅವರು ಕನ್ನಡಕ ತೆಗೆದು ಕಣ್ಣಿಟ್ಟು ನೋಡಿದರು.

"ಇದಕ್ಕೆ ಎಷ್ಟು ಹಾಕಿದ್ದೆ ಸವಿತಾ?"

"ತಳ ಮುಚ್ಚೋಷ್ಟೇ ಮೇಡಂ. ಖಾಲಿಯಾಗಿತ್ತಲ್ಲ."

ಅವರು ತುಂಬಿದ ಇನ್ನೊಂದು ಡಿಶ್ಶನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರು. ಅಂಚಿನವರೆಗೆ ಗುಲಾಬಿ ನೀರು, ಎಲ್ಲೋ ಅದರ ತಳದಲ್ಲಿ ನಮ್ಮ ರವೆಯ ಕಾಳುಗಳು. ಡಿಶ್ಶನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ಇವು ಹಸ್ಕೊಂಡಿರ್ಲಿಲ್ಲ ಕಣಮ್ಮ. ಉಸಿರು ಕಟ್ಟಿತ್ತು."

ಕೂತು ಯೋಚಿಸಿದರೆ ಅದು ಎಷ್ಟು ಸರಳ! ಮೈಯೊಳಗೆ ಇರುವಾಗ ಐಲೆಟ್ಟಿನ ಒಂದೊಂದು ಕೋಶದ ಪಕ್ಕಕ್ಕೂ ಸಣ್ಣ ರಕ್ತನಾಳ ಹೋಗಿ ಆಮ್ಲಜನಕ ಕೊಟ್ಟು ಬರುತ್ತದೆ. ನಾವು ಬಿಡಿಸಿ ತೆಗೆದಾಗ ಆ ನಾಳಗಳೆಲ್ಲ ಕಡಿದುಹೋಗುತ್ತವೆ. ಇನ್ನು ಅವಕ್ಕೆ ಗಾಳಿ ಸಿಗಬೇಕಾದರೆ ಅದು ಮೇಲಿಂದ ಮೀಡಿಯಂ ಒಳಗೆ ಕರಗಿ, ನಿಧಾನವಾಗಿ ತಳಕ್ಕಿಳಿದು, ಉಂಡೆಯ ಹೊರಗಿನ ಸಾಲನ್ನು ದಾಟಿ ನಡುವಿಗೆ ಹೋಗಬೇಕು. ಮೀಡಿಯಂ ಆಳವಾದಷ್ಟೂ ಬರುವುದು ಕಡಿಮೆ. ಬಂದಷ್ಟನ್ನು ಹೊರಗಿನ ಕೋಶಗಳು ಬಳಸಿಕೊಂಡರೆ ನಡುವಿನವಕ್ಕೆ ಏನೂ ಉಳಿಯುವುದಿಲ್ಲ. ಇನ್ಸುಲಿನ್ ಮಾಡುವ ಕೋಶಗಳಿಗೋ ಆಮ್ಲಜನಕ ಮಿಕ್ಕವಕ್ಕಿಂತ ಹೆಚ್ಚು ಬೇಕು. ಕ್ಯಾನ್ಸರ್ ಕೋಶಗಳು ಗಾಳಿ ಕಡಿಮೆಯಿದ್ದರೂ ಹೇಗೋ ಕಾಲ ಹಾಕುವ ಜಾತಿ, ಹಾಗಾಗಿ ಮೇಡಂಗೆ ಅವು ಎಂದೂ ದೂರು ಕೊಟ್ಟಿರಲಿಲ್ಲ. ನಾವು ಪ್ರೀತಿಯಿಂದ ಸುರಿದದ್ದೇ ಇವುಗಳ ಮೇಲೆ ಮುಚ್ಚಳವಾಗಿ ಕೂತಿತ್ತು.

ನನಗೆ ಸಂತೋಷ ಆಗಲಿಲ್ಲ. ಸಿಟ್ಟು ಬಂತು. ಮೇಡಂ ಮೇಲೆ, ರಜೆ ಊಟದ ಮೇಲೆ, ಇಷ್ಟು ಶನಿವಾರಗಳ ಮೇಲೆ. ಮೇಡಂ ಕುರ್ಚಿಯಲ್ಲಿ ಕೂತು ಸೆರಗಿನಿಂದ ಕನ್ನಡಕ ಒರೆಸುತ್ತಲೇ ಇದ್ದರು. "ಬಂದೋರಿಗೆಲ್ಲ ನಾನೇ ಕಲಿಸ್ದೆ, ಹೊಟ್ಟೆ ತುಂಬ ಹಾಕಿ ಹೋಗಿ ಅಂತ" ಎಂದರು. ಆಮೇಲೆ, "ಪುಟ್ಟಸ್ವಾಮಿ ಇಲಿಗಳದ್ದು ಏನೂ ತಪ್ಪಿರಲಿಲ್ಲ ಅಂತ ಅವನಿಗೆ ಹೇಳಿ ಬರ್ತೀನಿ" ಎಂದು ಎದ್ದು ಹೋದರು. ಅವರ ಬೆನ್ನು ನೋಡಿ ನನ್ನ ಸಿಟ್ಟು ಇಳಿಯಿತು.

ಪ್ರಬಂಧದ ವಿಷಯವೇ ಬದಲಾಯಿತು. ವಿಶ್ವವಿದ್ಯಾಲಯದ ಸಮಿತಿಯವರು ಕೊನೆಗಳಿಗೆಯಲ್ಲಿ ಇದೇನು ಎಂದರು. ಮೇಡಂ ತಮ್ಮ ಸರ್ವೀಸಿನಲ್ಲಿ ಮೊದಲ ಸಲ ಮೇಜು ಗುದ್ದಿ ಮಾತಾಡಿದರಂತೆ. ಮಧುನಾಶಿನಿ ಬಿಟ್ಟು ಆಮ್ಲಜನಕ ಹಿಡಿದೆ. ಆ ಚಳಿಗಾಲವೆಲ್ಲ ಅದೇ. ಮೀಡಿಯಂ ಎತ್ತರ ಬದಲಿಸಿ, ಒಂದೇ ಡಿಶ್ಶಿನಲ್ಲಿ ಕಡಿಮೆ ಐಲೆಟ್ ಹಾಕಿ, ಕಿಕ್ಕಿರಿಸಿ ಹಾಕಿ, ಗಾಜಿನ ಜಾಡಿಯೊಳಗೆ ನೈಟ್ರೋಜನ್ ಊದಿ ಆಮ್ಲಜನಕ ತಗ್ಗಿಸಿ ನೋಡಿದೆ. ಒತ್ತಾಗಿ ಹಾಕಿದರೆ ತೆಳು ಮೀಡಿಯಮ್ಮಿನಲ್ಲೂ ಒಂದರ ಗಾಳಿಯನ್ನು ಇನ್ನೊಂದು ಕಸಿದುಕೊಂಡು ಸಾಯುತ್ತಿದ್ದವು. ಹಾಗಾದರೆ ಆಮ್ಲಜನಕವನ್ನೇ ಜಾಸ್ತಿ ಕೊಡೋಣ ಎಂದು ಸಿಲಿಂಡರ್ ತರಿಸಿದೆವು. ವಿಪರೀತ ಏರಿಸಿದಾಗ ಅದೂ ಅವುಗಳಿಗೆ ಒಗ್ಗಲಿಲ್ಲ. ಮೀಡಿಯಂ ತೀರಾ ತೆಳುವಾದರೆ ಒಣಗಿಹೋಗುತ್ತಿತ್ತು. ಹೀಗೆ ಅತ್ತ ಇತ್ತ ಎಳೆದಾಡಿ ಸರಿಯಾದ ಜಾಗ ಹುಡುಕಬೇಕಾಯಿತು. ಭಾನುವಾರವೂ ಲ್ಯಾಬಿಗೆ ಬಂದು ಮೀಡಿಯಂ ಬದಲಿಸಬೇಕಾದ್ದರಿಂದ ಮಂಡಕಳ್ಳಿಗೆ ಹೋಗುವುದು ಅಪರೂಪವಾಯಿತು. ಹೋದರೂ ಮಂಜಿನಲ್ಲಿ ಮೊದಲ ಬಸ್ಸಿಗೆ ವಾಪಸು.

ಒಂದು ಸೋಮವಾರ ಸಕ್ಕರೆ ಹೆಚ್ಚಿಸಿದಾಗ ಇನ್ಸುಲಿನ್ ಹೆಚ್ಚಾಯಿತು. ಯಂತ್ರ ತೋರಿಸಿದ್ದನ್ನು ಎರಡು ಸಲ ನೋಡಿದೆ. ಕುಣಿಯಬೇಕಿತ್ತು. ನಿದ್ದೆ ಬಂತು. ಮೇಡಂ ಹೆಗಲು ತಟ್ಟಿ "ಬರೆಯೋಕೆ ಶುರುಮಾಡು" ಎಂದರು.

ಪ್ರಬಂಧ ಸಮಯಕ್ಕೆ ಒಪ್ಪಿಸಿದೆ. ಮೌಖಿಕ ಪರೀಕ್ಷೆಗೆ ಕರೆ ಬಂದದ್ದು ಮುಂದಿನ ಬೇಸಿಗೆಯಲ್ಲಿ. ಅಷ್ಟರಲ್ಲಿ ಮೇಡಂ ನಿವೃತ್ತರಾಗಿ, ತಮ್ಮದೇ ವಿಭಾಗಕ್ಕೆ ಅತಿಥಿಯ ಹಾಗೆ ಬಂದು ಹಿಂದಿನ ಸಾಲಿನಲ್ಲಿ ಕೂತರು. ಹೊರಗಿನಿಂದ ಬಂದ ಪರೀಕ್ಷಕರು ಹಿರಿಯರು. ಎಲ್ಲವನ್ನೂ ಕೇಳಿ ಪೆನ್ನು ಕೆಳಗಿಟ್ಟು, "ಆಳ ಹೆಚ್ಚಾದ್ರೆ ಆಮ್ಲಜನಕ ಸಾಲಲ್ಲ ಅನ್ನೋದು ಎಲ್ರಿಗೂ ಗೊತ್ತಿರೋ ವಿಷಯ ಅಲ್ವೇನಮ್ಮ?" ಎಂದರು.

"ಹೌದು ಸರ್, ಎಲ್ರಿಗೂ ಗೊತ್ತಿತ್ತು" ಎಂದೆ. "ನಮಗೆ ಗೊತ್ತಿರ್ಲಿಲ್ಲ."

ಕೋಣೆಯಲ್ಲಿ ನಗು ಎದ್ದಿತು. ಅವರೂ ನಕ್ಕರು. ನಮ್ಮಂಥ ಲ್ಯಾಬಿನಲ್ಲಿ, ನಮ್ಮ ಡಿಶ್‌ಗಳಲ್ಲಿ ಎಷ್ಟು ಐಲೆಟ್ಟಿಗೆ ಎಷ್ಟು ಎತ್ತರ ಎಂದು ಅಳೆದು ತೋರಿಸಿದ್ದನ್ನು ಹೇಳಿದೆ. ತಲೆಯಾಡಿಸಿದರು. ಅಂತೂ ಡಾಕ್ಟರ್ ಆದೆ. ಮೇಡಂ ಮಾತ್ರ ನಗಲಿಲ್ಲ, ಹೊರಡುವಾಗ ನನ್ನ ಕೈಯನ್ನು ಒಂದು ಗಳಿಗೆ ಗಟ್ಟಿಯಾಗಿ ಹಿಡಿದು ಬಿಟ್ಟರು.

ಮಧ್ಯಾಹ್ನದ ಬಿಸಿಲಲ್ಲಿ ಮಂಡಕಳ್ಳಿಗೆ ಬಂದೆ. ದಾರಿಯುದ್ದಕ್ಕೂ ಒಂದೇ ಚಿಂತೆ. ಓದು ಮುಗಿಯಿತು ಎಂದ ಮೇಲೆ ಅವ್ವ ಔಷಧ ಎಲ್ಲಿ ಎಂದು ಕೇಳಿಯೇ ಕೇಳುತ್ತಾಳೆ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದ ನಾನು ಇವತ್ತು ಏನು ಹೇಳಲಿ?

ಪವಿ ಸೂಜಿ ಹಾಕಿಕೊಂಡು ಬಂದು ಊಟಕ್ಕೆ ಕೂತಳು. ಅವ್ವ ಮುದ್ದೆ ಇಟ್ಟು, ಸೊಪ್ಪಿನ ಸಾರು ಬಿಟ್ಟು, "ಮುಗೀತಾ?" ಎಂದಳು.

"ಮುಗೀತವ್ವ. ಪಾಸಾದೆ." ತುತ್ತು ಮುರಿಯುತ್ತಾ ತಲೆಯೆತ್ತದೆ ಹೇಳಿಬಿಟ್ಟೆ. "ಅವ್ವ, ಪವಿಗೆ ಔಷ್ದಿ ಆಗ್ಲಿಲ್ಲ. ನಾನ್ ಮಾಡಿದ್ದು ಅದಲ್ಲ. ಅದಕ್ಕೆ ಇನ್ನೂ ಬಾಳ ದೂರ ಅದೆ."

"ಗೊತ್ತು ಕಣವ್ವ" ಎಂದಳು ಅವ್ವ.

ಆಗ ತಲೆಯೆತ್ತಿ ಅವಳನ್ನು ನೋಡಿದೆ.

"ಆಸ್ಪತ್ರೇಲಿ ಡಾಕ್ಟ್ರು ಅವತ್ತೇ ಹೇಳಿದ್ರಲ್ಲ, ಇದು ಜೀವ ಇರೋಗಂಟ ಅಂತ. ನಾನೇನ್ ಕಿವುಡೀನಾ?"

"ಮತ್ಯಾಕವ್ವ ಊರ್‌ಗೆಲ್ಲ ಹಂಗ್ ಹೇಳ್ತಿದ್ದೆ?"

"ನಿಮ್ ದೊಡ್ಡಪ್ಪ ವಾರ್‌ವಾರ ಗಂಡಿನ ವಿಚಾರ ಎತ್ಕೊಂಡ್ ಬರ್ತಿದ್ರಲ್ಲ. ಓದ್ತಾವ್ಳೆ ಅಂದಿದ್ರೆ ಬುಡ್ತಿದ್ರಾ? ಇಷ್ಟ್ ವಯಸ್ಸಾದ್ರೂ ಎಂಥ ಓದು ಅಂತಿದ್ರು. ತಂಗೀಗ್ ಔಷ್ದಿ ಮಾಡ್ತಾವ್ಳೆ ಅಂದ್ರೆ ಕಾಪಿ ಕುಡ್ಕಂಡ್ ಓಯ್ತಿದ್ರು. ನಿಂಗ್ ವಸಿ ಬುಡುವಾಗ್ಲಿ ಅಂತ ಕಣವ್ವ."

ಪವಿ ಸಾರಿನೊಳಗೆ ಬೆರಳಾಡಿಸುತ್ತಾ ನಗುತ್ತಿದ್ದಳು. "ನಂಗ್ ಮೊದ್ಲಿಂದ್ಲೂ ಗೊತ್ತು ಕಣಕ್ಕ" ಎಂದಳು. ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಎರಡಕ್ಕೂ ತ್ರಾಣ ಇರಲಿಲ್ಲ. ಅವ್ವ ಇನ್ನೊಂದು ಮುದ್ದೆ ತಂದಳು. ಸಾಕು ಎಂದೆ. ಕೇಳದೆ ತಟ್ಟೆಗೆ ಹಾಕಿದಳು. ತಿಂದೆ.

ಕೈತೊಳೆದು ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಿದೆ. ಎಷ್ಟು ಹೊತ್ತಾಗಿತ್ತೋ, ನಿದ್ದೆಯ ನಡುವೆ ಜಗಲಿಯಿಂದ ದೊಡ್ಡಪ್ಪನ ಧ್ವನಿ ಕೇಳಿಸಿತು. "ಮುಗೀತಂತಲ್ಲ ಓದು? ಇನ್ನೇನಂತೆ?"

"ಎಲ್ ಮುಗೀತು ಬುಡಿ ಭಾವ" ಎನ್ನುತ್ತಿದ್ದಳು ಅವ್ವ, ತಗ್ಗಿದ ದನಿಯಲ್ಲಿ. "ಔಷ್ದಿ ಇನ್ನೂ ಆಗಿಲ್ವಂತೆ. ವಸಿ ಮೆತ್ತಗ್ ಮಾತಾಡಿ, ಮಲಗವ್ಳೆ."

ನಾನು ಗೋಡೆಯ ಕಡೆ ಮಗ್ಗುಲಾಗಿ ಮತ್ತೆ ನಿದ್ದೆ ಹೋದೆ.